ಭಾರ ಈಗ ಯಾರ ಮೇಲಿದೆ? ಮೇಲಕ್ಕೆ ಸರಿಯುವ ಕಿಟಕಿಯನ್ನು ಬಳಸುವ ಬಗೆ

ತುಮಕೂರಿನ ಬಟವಾಡಿಯ ನಮ್ಮ ಮನೆಗೆ ಮೇಲಂತಸ್ತು ಎಬ್ಬಿಸಿದಾಗ ಹಿಂದಿನ ಕೋಣೆಯ ಕಿಟಕಿಯದೇ ಒಂದು ತಕರಾರಾಯಿತು. ಅದರ ಹೊರಗೆ ತಾರಸಿಗೆ ಹತ್ತುವ ಮೆಟ್ಟಿಲು ಹಾದುಹೋಗುತ್ತದೆ. ಹೊರಕ್ಕೆ ತೆರೆಯುವ ಕದ ಇಟ್ಟರೆ ಬಟ್ಟೆ ಒಣಹಾಕಲು ಹೋಗುವವರ ಹಣೆಗೆ ಸರಿಯಾಗಿ ಬಡಿಯುತ್ತದೆ. ಪಕ್ಕಕ್ಕೆ ಸರಿಯುವ ಕಿಟಕಿ ಇಡೋಣವೆಂದರೆ ಅಗಲ ಇರುವುದೇ ಎರಡೂವರೆ ಅಡಿ. ಸರಿಸಿದ ಮೇಲೆ ಗಾಳಿಗೆ ಉಳಿಯುವುದು ಒಂದು ಮೊಳಕ್ಕೂ ಕಡಿಮೆ. ಕೆಲವು ವರ್ಷ ಅಮೆರಿಕದಲ್ಲಿದ್ದು ಬಂದ ನನ್ನ ಮೈದುನ, ಅಲ್ಲಿನ ಮನೆಗಳಲ್ಲಿರುವಂತೆ ಮೇಲಕ್ಕೆ ಸರಿಯುವ ಕಿಟಕಿ ಇಡಿಸಿ ಎಂದ. ಅಲ್ಲಿ ಅದಕ್ಕೆ ಸಿಂಗಲ್ ಹಂಗ್ ಎಂದು ಹೆಸರು. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹೇಳಿ ಮಾಡಿಸಿದ್ದಾಯಿತು, ಕೂರಿಸಿದ್ದೂ ಆಯಿತು. ಹೇಗೆ ಬಳಸಬೇಕೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಎರಡನೇ ವರ್ಷದ ಒಂದು ಮಧ್ಯಾಹ್ನ ಆ ಕೋಣೆಗೆ ಹೋದರೆ, ಎತ್ತಿದ ಗಾಜಿನ ಕದದ ಕೆಳಗೆ ಲಟ್ಟಣಿಗೆ ನಿಂತಿತ್ತು. "ಮೊನ್ನೆಯಿಂದ ತಾನಾಗಿ ಕೆಳಗಿಳಿಯುತ್ತಿದೆ ಕಣಮ್ಮ, ಅದಕ್ಕೇ ಒತ್ತು ಕೊಟ್ಟೆ" ಎಂದರು ಅತ್ತೆ. ಗುಂಡನೆಯ ಲಟ್ಟಣಿಗೆ, ನುಣುಪಾದ ಯುಪಿವಿಸಿ, ಮೇಲೆ ಹತ್ತು ಕಿಲೋಗೂ ಮೀರಿದ ಗಾಜು. ಪಕ್ಕದಲ್ಲೇ ಮಗಳು ಕಿಟಕಿಯ ಕಟ್ಟೆಗೆ ಕೈಯೂರಿ ಹೊರಗೆ ನೋಡುತ್ತಿದ್ದಳು.

ಆ ಲಟ್ಟಣಿಗೆ ಅಡುಗೆಮನೆಗೆ ಮರಳುವ ಹೊತ್ತಿಗೆ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಈ ಕಿಟಕಿಯನ್ನು ಮುಟ್ಟುವಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಅಪಾಯ ತಪ್ಪುತ್ತದೆ: ಕದದ ಭಾರ ಈಗ ಯಾರ ಮೇಲಿದೆ? ಸ್ಪ್ರಿಂಗಿನ ಮೇಲೋ, ಚೌಕಟ್ಟಿನ ಮೇಲೋ, ನನ್ನ ಕೈಯ ಮೇಲೋ?

ಒಳಗೆ ಅಡಗಿರುವುದೇನು

ಚೌಕಟ್ಟಿನಲ್ಲಿ ಒಂದರ ಮೇಲೊಂದು ಎರಡು ಗಾಜಿನ ಕದಗಳಿರುತ್ತವೆ. ಕಿಟಕಿ ಮಾಡುವವರು ಕದಕ್ಕೆ ಸ್ಯಾಶ್ ಎನ್ನುತ್ತಾರೆ. ಮೇಲಿನದು ಅಲ್ಲಾಡುವುದಿಲ್ಲ. ಕೆಳಗಿನದು ಮಾತ್ರ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ. ಎರಡೂ ಸರಿಯುವಂತಿದ್ದರೆ ಅದು ಡಬಲ್ ಹಂಗ್. ಅಂದರೆ ನಮ್ಮದನ್ನು ಪೂರ್ತಿ ತೆರೆದರೂ ಗಾಳಿ ಬರುವುದು ಅರ್ಧ ಕಿಟಕಿಯಿಂದ ಮಾತ್ರ. ಇದು ಮೊದಲೇ ತಿಳಿದಿದ್ದರೆ ಏಪ್ರಿಲ್ ತಿಂಗಳಲ್ಲಿ ಬೇಸರವಾಗುವುದಿಲ್ಲ.

ಭಾರದ ಲೆಕ್ಕ ಸುಲಭ. ಒಂದು ಚದರ ಮೀಟರ್ ಗಾಜು, ದಪ್ಪದ ಪ್ರತಿ ಮಿಲಿಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. ನಮ್ಮ ಕೆಳಗಿನ ಕದ ಎರಡೂವರೆ ಅಡಿ ಚೌಕ, ಅಂದರೆ ಹೆಚ್ಚುಕಡಿಮೆ 0.58 ಚದರ ಮೀಟರ್. 5 ಮಿಲಿಮೀಟರಿನ ಒಂಟಿ ಗಾಜಾಗಿದ್ದರೆ 7 ಕಿಲೋಗೂ ತುಸು ಹೆಚ್ಚು. ಮೆಟ್ಟಿಲ ಸದ್ದು ಕೇಳಬಾರದೆಂದು ನಾವು ಜೋಡಿ ಗಾಜು ಹಾಕಿಸಿದ್ದರಿಂದ ಅದು 14 ಕಿಲೋ ದಾಟಿತು. ಅಡುಗೆ ಸಿಲಿಂಡರಿನೊಳಗಿರುವ ಅನಿಲದ ತೂಕ 14.2 ಕಿಲೋ. ಸರಿಸುಮಾರು ಅಷ್ಟೇ ಭಾರವನ್ನು, ಅದರ ಮೇಲೆ ಚೌಕಟ್ಟಿನ ತೂಕವನ್ನೂ ಸೇರಿಸಿ, ಅತ್ತೆ ಎರಡು ಬೆರಳಿನಲ್ಲಿ ಎತ್ತುತ್ತಿದ್ದರೆಂದರೆ ಉಳಿದದ್ದನ್ನು ಯಾರೋ ಹೊರುತ್ತಿರಬೇಕಲ್ಲವೇ?

ಹೊರುವುದು ಬ್ಯಾಲೆನ್ಸ್ ಎಂಬ ಭಾಗ. ಚೌಕಟ್ಟಿನ ಎಡಬಲದ ಗಾಡಿಯೊಳಗೆ, ಅಂದರೆ ಕದ ಸರಿಯುವ ಉದ್ದನೆಯ ತೋಡಿನೊಳಗೆ, ಒಂದೊಂದು ಇರುತ್ತದೆ. ಅಂಗಡಿಯ ರೋಲಿಂಗ್ ಷಟರ್ ನೆನಪಿಸಿಕೊಳ್ಳಿ. ಅಷ್ಟು ದೊಡ್ಡ ತಗಡನ್ನು ಅಂಗಡಿಯವನು ಬೆಳಿಗ್ಗೆ ಒಂದೇ ಎಳೆತಕ್ಕೆ ಮೇಲೆ ಕಳಿಸುತ್ತಾನೆ. ಮೇಲಿನ ಉರುಳೆಯಲ್ಲಿರುವ ಸ್ಪ್ರಿಂಗು ಇಳಿಸುವಾಗ ಬಿಗಿಯಾಗಿ, ಎತ್ತುವಾಗ ಆ ಬಿಗಿಯನ್ನು ಹಿಂತಿರುಗಿಸುತ್ತದೆ. ಕಿಟಕಿಯಲ್ಲೂ ಅದೇ ಉಪಾಯ, ಸಣ್ಣ ಗಾತ್ರದಲ್ಲಿ. ಸ್ಪ್ರಿಂಗು ಬರುವ ಮುಂಚೆ ಚೌಕಟ್ಟಿನ ಟೊಳ್ಳಿನಲ್ಲಿ ರಾಟೆ, ಹಗ್ಗ, ಬೀಡುಕಬ್ಬಿಣದ ತೂಕ ಇರುತ್ತಿದ್ದವು. ಕದ ಇಳಿದರೆ ತೂಕ ಏರುತ್ತಿತ್ತು. ಬಾವಿಯ ಏತಕ್ಕೆ ಹಿಂದುಗಡೆ ಕಲ್ಲು ಕಟ್ಟುತ್ತಿದ್ದರಲ್ಲ, ಹಾಗೆ.

ಯಾರೂ ಹೊರದಿದ್ದರೆ ಏನಾಗುತ್ತದೆ ಎಂಬುದು ಬೆಂಗಳೂರಿಗೆ ರೈಲಿನಲ್ಲಿ ಓಡಾಡಿದ ತುಮಕೂರಿನವರಿಗೆ ಗೊತ್ತು. ಹಳೆಯ ಬೋಗಿಗಳ ಕಿಟಕಿಯ ಷಟರನ್ನು ಎರಡು ಕೊಂಡಿಗಳು ಹಿಡಿದಿರುತ್ತವೆ, ಅಷ್ಟೇ. ಕೊಂಡಿ ಸರಿಯಾಗಿ ಕೂರದಿದ್ದರೆ ಇಡೀ ಷಟರ್ ಮೊಣಕೈ ಮೇಲೆ ಬೀಳುತ್ತದೆ. ಬ್ಯಾಲೆನ್ಸ್ ಕೆಟ್ಟ ಮನೆಯ ಕಿಟಕಿಯೂ ರೈಲಿನ ಕಿಟಕಿಯೇ.

ಬ್ಯಾಲೆನ್ಸಿನಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದರಲ್ಲಿ ತಗಡಿನ ಗಾಡಿಯೊಳಗೆ ಉದ್ದನೆಯ ಸ್ಪ್ರಿಂಗು, ಸಣ್ಣ ರಾಟೆಗಳು, ದಾರ, ನಮ್ಮದು ಇದೇ. ಇನ್ನೊಂದರಲ್ಲಿ ಕೊಳವೆಯೊಳಗೆ ತಿರುಚಿದ ಸರಳು. ಮೂರನೆಯದು ಅಳತೆ ಟೇಪಿನಂತೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿ. ನಿಮ್ಮದು ಯಾವುದೆಂದು ಕೂರಿಸುವ ದಿನವೇ ಕೇಳಿ ಬರೆದಿಟ್ಟುಕೊಳ್ಳಿ, ಆಮೇಲೆ ಕೇಳಿದರೆ ಅಂಗಡಿಯವರಿಗೂ ಮರೆತಿರುತ್ತದೆ.

ಕದದ ಬುಡದಲ್ಲಿ ಎರಡೂ ಕಡೆ ಬೆರಳಿನಂತೆ ಚಾಚಿದ ಕಬ್ಬಿಣದ ತುಂಡಿದೆ, ಪಿವಟ್ ಬಾರ್. ಅದು ಗಾಡಿಯೊಳಗೆ ಓಡಾಡುವ ಪ್ಲಾಸ್ಟಿಕ್ ತುಂಡಿನಲ್ಲಿ ಕೂರುತ್ತದೆ. ಆ ತುಂಡಿಗೆ ಷೂ ಎನ್ನುತ್ತಾರೆ. ಬ್ಯಾಲೆನ್ಸ್ ಎಳೆಯುವುದು ಷೂವನ್ನು, ಷೂ ಹೊರುವುದು ಕದವನ್ನು. ಹೆಸರು ಮರೆತರೂ ಪರವಾಗಿಲ್ಲ, ಈ ಜಾಗ ಮರೆಯಬೇಡಿ. ನನ್ನ ಮೂಗಿನ ಕಥೆ ನಡೆಯುವುದು ಅಲ್ಲೇ.

ತೆರೆಯುವುದು, ಮುಚ್ಚುವುದು

ಎರಡು ಕದಗಳು ಕೂಡುವ ನಡುಪಟ್ಟಿಯ ಮೇಲೆ ತಿರುಗಿಸುವ ಚಿಲಕವಿದೆ. ಅದನ್ನು ಪೂರ್ತಿ ತಿರುಗಿಸಿ. ಅರ್ಧ ತಿರುಗಿಸಿ ಕದ ಎತ್ತಿದರೆ ಚಿಲಕದ ಕೊಕ್ಕೆ ಮೇಲಿನ ಕದಕ್ಕೆ ತಾಕಿ ಗೀರು ಬೀಳುತ್ತದೆ. ಅಗಲದ ಕಿಟಕಿಗಳಲ್ಲಿ ಎರಡು ಚಿಲಕ ಇರುತ್ತವೆ. ಒಂದನ್ನು ಮರೆತು ಎಳೆದಾಡುವುದು ಎಲ್ಲರೂ ಒಮ್ಮೆಯಾದರೂ ಮಾಡುವ ಕೆಲಸ.

ಕೆಳಪಟ್ಟಿಯಲ್ಲಿ ಬೆರಳು ಕೂರುವ ತುಟಿಯಿದೆ. ಎರಡೂ ಕೈಗಳನ್ನು ಸಮ ಅಂತರದಲ್ಲಿಟ್ಟು ನೇರವಾಗಿ ಎತ್ತಿ. ಒಂದೇ ಮೂಲೆಯಿಂದ ಎತ್ತಿದರೆ ಕದ ಓರೆಯಾಗಿ ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಮತ್ತೆ ಜಗ್ಗಿದರೆ ಬ್ಯಾಲೆನ್ಸಿನ ದಾರಕ್ಕೆ ಪೆಟ್ಟು. ಎತ್ತಿದ ಮೇಲೆ ಕೈಯನ್ನು ಒಮ್ಮೆಗೇ ತೆಗೆಯಬೇಡಿ. ಹಿಡಿತ ಸಡಿಲಿಸಿ ನೋಡಿ. ಕದ ಇದ್ದಲ್ಲೇ ನಿಂತರೆ ಭಾರವನ್ನು ಸ್ಪ್ರಿಂಗು ಒಪ್ಪಿಕೊಂಡಿತೆಂದು ಅರ್ಥ. ಅಂಗೈಗೆ ಭಾರ ತಾಕುತ್ತಿದ್ದರೆ ಮೆಲ್ಲನೆ ಇಳಿಸಿ, ಚಿಲಕ ಹಾಕಿ, ದುರಸ್ತಿಯಾಗುವ ತನಕ ತೆರೆಯಬೇಡಿ. ಕೋಲು, ಸ್ಕೇಲು, ಮಡಚಿದ ಪತ್ರಿಕೆ, ಲಟ್ಟಣಿಗೆ ಯಾವುದನ್ನೂ ಒತ್ತು ಕೊಡುವುದು ಬೇಡ. ಒತ್ತು ಜಾರಿದರೆ ಕದ ಬೀಳುವಾಗ ಎಚ್ಚರಿಸುವುದಿಲ್ಲ.

ಇಳಿಸುವಾಗ ಬೆರಳು ಚಪ್ಪಟೆಯಾಗುವ ಜಾಗಗಳು ಎರಡು. ಕೆಳಗಿನ ಕಟ್ಟೆ ಎಲ್ಲರಿಗೂ ಕಾಣುತ್ತದೆ. ಕಾಣದ್ದು ನಡುಪಟ್ಟಿ: ಕದ ಪೂರ್ತಿ ಇಳಿದಾಗ ಎರಡು ಪಟ್ಟಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮೇಲಂಚನ್ನು ಒತ್ತಿ ಇಳಿಸುವ ಅಭ್ಯಾಸವಿದ್ದವರ ಬೆರಳು ಅಲ್ಲಿ ಸಿಗುತ್ತದೆ. ಹಾಗಾಗಿ ಇಳಿಸುವಾಗಲೂ ಕೈ ಕೆಳಪಟ್ಟಿಯ ತುಟಿಯ ಮೇಲೇ ಇರಲಿ, ಅದರ ಅಡಿಯಲ್ಲಲ್ಲ. ಕೊನೆಯ ಒಂದು ಅಂಗುಲ ನಿಧಾನವಾಗಿರಲಿ.

ಆಮೇಲೆ ಚಿಲಕ. ಇದು ಬರಿಯ ಕಳ್ಳರಿಗಾಗಿ ಅಲ್ಲ. ಎರಡು ಕದಗಳನ್ನು ಹತ್ತಿರಕ್ಕೆ ಎಳೆದು ನಡುವಿನ ಉಣ್ಣೆಪಟ್ಟಿಯನ್ನು ಅಮುಕುತ್ತದೆ. ಧೂಳೂ ಎರಚಲೂ ಒಳಗೆ ಬಾರದಿರುವುದು ಆ ಒತ್ತಿನಿಂದ. ಚಿಲಕ ಬಿಗಿಯೆನಿಸಿದರೆ ಬಲ ಹಾಕಬೇಡಿ. ಹತ್ತರಲ್ಲಿ ಒಂಬತ್ತು ಸಲ ಕಟ್ಟೆಯ ಮೇಲೆ ಒಂದು ಮರಳುಕಾಳು ಕೂತು ಕದ ಪೂರ್ತಿ ಇಳಿದಿರುವುದಿಲ್ಲ. ಒರೆಸಿ, ಇಳಿಸಿ, ಆಗ ತಿರುಗಿಸಿ.

ತೊಳೆಯಲು ಬಾಗಿಸುವುದು

ಎಲ್ಲ ಕಿಟಕಿಗಳೂ ಒಳಕ್ಕೆ ಬಾಗುವುದಿಲ್ಲ. ಕೆಳಗಿನ ಕದದ ಮೇಲಂಚಿನ ಎರಡು ತುದಿಗಳಲ್ಲಿ ಒಳಮುಖವಾಗಿ ಸರಿಸಬಹುದಾದ ಪುಟ್ಟ ಗುಂಡಿಗಳಿದ್ದರೆ ಮಾತ್ರ ಅದು ಬಾಗುವ ಕಿಟಕಿ. ಇಲ್ಲದಿದ್ದರೆ ಬಾಗಿಸುವ ಪ್ರಯತ್ನವೇ ಬೇಡ.

ಮೊದಲು ಪರದೆ ಬಿಚ್ಚಿ, ಕಿಟಕಿಯ ಮುಂದೆ ಮಂಚವನ್ನೋ ಎತ್ತರದ ಮೇಜನ್ನೋ ಎಳೆದುಕೊಳ್ಳಿ, ಮೇಲೆ ದಪ್ಪ ಜಮಖಾನೆ ಹಾಸಿ. ಮಕ್ಕಳನ್ನು ಕೋಣೆಯಿಂದ ಆಚೆ ಕಳಿಸಿ. ಜೋಡಿ ಗಾಜಾದರೆ ಇನ್ನೊಬ್ಬರು ಜೊತೆಗಿರಲೇಬೇಕು.

ಚಿಲಕ ತೆಗೆದು ಕದವನ್ನು ನಾಲ್ಕು ಅಂಗುಲದಷ್ಟು ಎತ್ತಿ. ಎರಡು ಗುಂಡಿಗಳನ್ನೂ ಒಟ್ಟಿಗೆ ನಡುವಿಗೆ ಸರಿಸಿ, ಕದದ ಮೇಲಂಚನ್ನು ನಿಮ್ಮತ್ತ ಎಳೆದುಕೊಳ್ಳಿ. ಒಂದೇ ಗುಂಡಿ ಬಿಡಿಸಿ ಎಳೆದರೆ ಕದ ತಿರುಚಿಕೊಂಡು ಗಾಜು ಬಿರುಕು ಬಿಡಬಹುದು. ಇನ್ನು ನಿಧಾನವಾಗಿ, ಕದ ನೆಲಕ್ಕೆ ಸಮಾನಾಂತರವಾಗುವ ತನಕ ಬಾಗಿಸಿ. ಈಗ ಭಾರ ಯಾರ ಮೇಲಿದೆ? ಮುಂಭಾಗದ್ದು ನಿಮ್ಮ ಕೈಯಲ್ಲಿ, ಹಿಂಭಾಗದ್ದು ಷೂಗಳ ಮೇಲೆ. ಹಾಗೇ ಗಾಳಿಯಲ್ಲಿ ಬಿಟ್ಟು ಬಟ್ಟೆ ತರಲು ಹೋದರೆ ಪಿವಟ್ ಬಾರ್ ಮುರಿಯುತ್ತದೆ. ಮುಂದಿನ ಅಂಚು ಮೇಜಿನ ಮೇಲೆ ಕೂರಲಿ.

ಕದ ಬಾಗಿದಾಗ ಒಳಗೆ ಒಂದು ಚೆಂದದ ಕೆಲಸ ನಡೆಯುತ್ತದೆ. ಷೂವಿನ ನಡುವೆ ಕುದುರೆ ಲಾಳದ ಆಕಾರದ ತಿರುಗಣೆಯಿದೆ. ಪಿವಟ್ ಬಾರ್ ಕೂತಿರುವುದು ಅದರಲ್ಲಿ. ಕದದೊಂದಿಗೆ ಅದೂ ಕಾಲು ಸುತ್ತು ತಿರುಗಿ, ಷೂವನ್ನು ಗಾಡಿಯ ಗೋಡೆಗಳಿಗೆ ಒತ್ತಿ ಬೀಗ ಹಾಕಿಬಿಡುತ್ತದೆ. ಇನ್ನು ಸ್ಪ್ರಿಂಗು ಎಷ್ಟು ಎಳೆದರೂ ಷೂ ಕದಲುವುದಿಲ್ಲ. ಲಾಳದ ಬಾಯಿ ಮೇಲ್ಮುಖವಾಗಿರುವುದರಿಂದ ಕದದ ಒಂದು ಪಕ್ಕವನ್ನು ಮೊದಲು, ಇನ್ನೊಂದನ್ನು ಆಮೇಲೆ ಮೇಲಕ್ಕೆತ್ತಿ ಪೂರ್ತಿ ಹೊರತೆಗೆಯಬಹುದು.

ನಾನು ಮಾಡಿದ ತಪ್ಪು ಇದು. ಯುಗಾದಿಗೆ ಎರಡು ದಿನವಿತ್ತು. ಮೇಜು ಎಳೆಯಲು ಸೋಮಾರಿತನ. ಕದವನ್ನು ಅರ್ಧ ಬಾಗಿಸಿ, ಇಷ್ಟು ಸಾಕೆಂದು ಒಂದು ಪಕ್ಕ ಎತ್ತಿದೆ. ಅರ್ಧ ಬಾಗಿದಾಗ ಲಾಳವೂ ಅರ್ಧ ತಿರುಗಿತ್ತು, ಬೀಗ ಬಿದ್ದಿರಲಿಲ್ಲ. ಬಾರ್ ಹೊರಬಂದದ್ದೇ ತಡ, ಠಪ್ ಎಂದು ಷೂ ಗಾಡಿಯೊಳಗೆ ಮೇಲಕ್ಕೆ ಚಿಮ್ಮಿತು. ಮೂಗಿನ ತುದಿಗೆ ಗಾಳಿ ಬೀಸಿದ್ದು ಇವತ್ತಿಗೂ ನೆನಪಿದೆ. ಬಗ್ಗಿ ಒಳಗೆ ಇಣುಕುತ್ತಿದ್ದವಳು ಇನ್ನೊಂದು ಅಂಗುಲ ಮುಂದಿದ್ದರೆ ಹಬ್ಬವನ್ನು ಆಸ್ಪತ್ರೆಯಲ್ಲಿ ಮಾಡಬೇಕಿತ್ತು.

ನಿಮಗೂ ಹಾಗಾದರೆ ಗಾಬರಿ ಬೇಡ. ಕದವನ್ನು ಇಬ್ಬರು ಹಿಡಿದು ಮಂಚದ ಮೇಲೆ ಮಲಗಿಸಿ. ಕನ್ನಡಕ ಹಾಕಿಕೊಳ್ಳಿ, ಓದುವ ಕನ್ನಡಕವಾದರೂ ಸರಿ, ಕಣ್ಣಿಗೊಂದು ಅಡ್ಡ ಇರಲಿ. ಚಪ್ಪಟೆ ತುದಿಯ ಗಟ್ಟಿ ಸ್ಕ್ರೂಡ್ರೈವರನ್ನು ಲಾಳದೊಳಗೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದು, ಮುಖವನ್ನು ಗಾಡಿಯ ನೇರದಿಂದ ಪಕ್ಕಕ್ಕಿಟ್ಟು, ಷೂವನ್ನು ಕೆಳಕ್ಕೆ ಎಳೆಯಿರಿ. ಸ್ಪ್ರಿಂಗು ಮೇಲಕ್ಕೆ ಜಗ್ಗುತ್ತಿರುತ್ತದೆ, ಬಿಡಬೇಡಿ. ಇನ್ನೊಂದು ಷೂ ಇರುವ ಎತ್ತರಕ್ಕೇ ತಂದು ಲಾಳದ ಬಾಯಿ ಮೇಲಕ್ಕೆ ಬರುವಂತೆ ತಿರುಗಿಸಿ. ಬೀಗ ಬಿತ್ತೇ ಎಂದು ಸ್ಕ್ರೂಡ್ರೈವರಿನ ಬಲವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಪರೀಕ್ಷಿಸಿ. ನನಗೆ ಮೂರನೆಯ ಸಲಕ್ಕೆ ಬಂತು.

ಮರಳಿ ಕೂರಿಸುವಾಗ ಎರಡು ಷೂಗಳೂ ಒಂದೇ ಮಟ್ಟದಲ್ಲಿವೆಯೇ ಎಂದು ಟೇಪು ಹಿಡಿದು ನೋಡಿ. ಕದವನ್ನು ಅಡ್ಡಲಾಗಿಯೇ ಹಿಡಿದು ಒಂದು ಬಾರನ್ನು, ಆಮೇಲೆ ಇನ್ನೊಂದನ್ನು ಲಾಳದೊಳಗೆ ಇಳಿಸಿ. ಕದ ಮಟ್ಟವಾಗಿದ್ದರೆ ಮೇಲೆತ್ತಿ ನಿಲ್ಲಿಸಿ. ಎರಡೂ ಕಡೆಯ ಗುಂಡಿಗಳು ಟಿಕ್ ಟಿಕ್ ಎಂದು ಕೂರಬೇಕು. ಒಂದೇ ಟಿಕ್ ಕೇಳಿಸಿದರೆ ಕೆಲಸ ಮುಗಿದಿಲ್ಲ. ಮುಂದೊಂದು ದಿನ ಎತ್ತುವಾಗ ಕದ ಮುಖದ ಮೇಲೆ ಬಾಗುತ್ತದೆ. ಮೇಲಂಚನ್ನು ನಿಮ್ಮತ್ತ ಮೆಲ್ಲನೆ ಎಳೆದು ನೋಡಿ, ಅಲ್ಲಾಡಬಾರದು. ಕಡೆಗೆ ಒಮ್ಮೆ ಪೂರ್ತಿ ಎತ್ತಿ, ಪೂರ್ತಿ ಇಳಿಸಿ, ಚಿಲಕ ಹಾಕಿ.

ಕೆಟ್ಟಿದೆ ಎಂದು ತಿಳಿಯುವುದು

ಕದ ತಾನಾಗಿ ಇಳಿಯುತ್ತಿದ್ದರೆ ಬ್ಯಾಲೆನ್ಸ್ ಸೋತಿದೆ. ಒಂದು ಪಕ್ಕ ಮಾತ್ರ ಜೋತುಬಿದ್ದಿದ್ದರೆ ಆ ಕಡೆಯ ದಾರ ಹರಿದಿದೆ, ಅಥವಾ ಬಾರ್ ಷೂವಿನಿಂದ ಜಾರಿದೆ. ಕೈಬಿಟ್ಟೊಡನೆ ಕದ ತಾನಾಗಿ ಮೇಲೇರುತ್ತಿದ್ದರೆ ಸ್ಪ್ರಿಂಗಿನ ಬಲ ಹೆಚ್ಚಾಗಿದೆ. ಬ್ಯಾಲೆನ್ಸು ಸರಿಯಿದ್ದೂ ಎತ್ತಲು ಕಷ್ಟವಾದರೆ ಬಹುತೇಕ ಧೂಳಿನ ಕಾಟ. ಬೇಸಿಗೆಯಲ್ಲಿ ಮಾತ್ರ ಬಿಗಿಯಾಗುವುದಿದ್ದರೆ ಅದಕ್ಕೂ ಕಾರಣವಿದೆ: ಯುಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ, 20 ಡಿಗ್ರಿ ಏರಿದರೆ ಮೀಟರಿಗೆ ಒಂದು ಮಿಲಿಮೀಟರಿಗೂ ತುಸು ಹೆಚ್ಚು. ಪಶ್ಚಿಮದ ಗೋಡೆಯ ಕಿಟಕಿ ಮಧ್ಯಾಹ್ನ ಮುನಿಸಿಕೊಂಡು ರಾತ್ರಿ ಸರಿಹೋಗುವುದು ಹೀಗೆ.

ನಮ್ಮ ಕಿಟಕಿಯಲ್ಲಿ ಎಡಗಡೆಯ ದಾರ ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು. ಅದೊಂದನ್ನು ಬದಲಿಸಿದರೆ ಸಾಲದೇ ಎಂದು ಕೇಳಿದೆ. ಸಾಲದು. ಹೊಸ ಸ್ಪ್ರಿಂಗೂ ಹಳೆಯ ಸ್ಪ್ರಿಂಗೂ ಒಂದೇ ಬಲದಲ್ಲಿ ಎಳೆಯುವುದಿಲ್ಲ, ಕದ ಸದಾ ಓರೆಯಾಗಿ ಓಡುತ್ತದೆ. ಜೋಡಿಯಾಗಿಯೇ ಬದಲಿಸಬೇಕು, ಕದದ ತೂಕಕ್ಕೆ ಸರಿಹೊಂದುವುದನ್ನೇ ತರಬೇಕು. ತೂಕ ನೋಡುವುದು ಹೀಗೆ: ತೂಕದ ಯಂತ್ರದ ಮೇಲೆ ಒಬ್ಬರು ಬರಿಗೈಯಲ್ಲಿ ನಿಲ್ಲುವುದು, ಆಮೇಲೆ ಕದ ಹಿಡಿದು ನಿಲ್ಲುವುದು, ಮೊದಲ ಅಂಕಿಯನ್ನು ಕಳೆಯುವುದು. ಒಂಟಿ ಗಾಜಿನ ಕಿಟಕಿಗೆ ಆಮೇಲೆ ಜೋಡಿ ಗಾಜು ಹಾಕಿಸುವವರು ಬ್ಯಾಲೆನ್ಸನ್ನೂ ಬದಲಿಸಲೇಬೇಕು. ಗಾಜಿನವನು ಇದನ್ನು ಹೇಳುವುದಿಲ್ಲ, ಅದು ಅವನ ಕೆಲಸವಲ್ಲ.

ಕದ ಬಾಗಿಸುವುದು, ಷೂ ಇಳಿಸುವುದು ಮನೆಯವರು ಕಲಿಯಬಹುದಾದ ಕೆಲಸ. ಬ್ಯಾಲೆನ್ಸ್ ಬದಲಿಸುವುದನ್ನು ಕಿಟಕಿಯ ಕೆಲಸದವರಿಗೇ ಬಿಡಿ ಎನ್ನುತ್ತೇನೆ. ಅದರಲ್ಲೂ ತಿರುಚಿದ ಸರಳಿನ ಬಗೆಯದಾದರೆ, ಬಿಚ್ಚಿದ ಕ್ಷಣ ಸರಳು ಗಿರ್ರನೆ ತಿರುಗಿ ಬೆರಳನ್ನು ಸೀಳುತ್ತದೆ.

ಧೂಳು, ಎಣ್ಣೆ, ನೀರು

ಬಿ.ಎಚ್. ರಸ್ತೆಯ ಹತ್ತಿರ ಇರುವವರಿಗೆ ಧೂಳಿನ ಬಗ್ಗೆ ನಾನೇನು ಹೇಳಬೇಕು? ತಿಂಗಳಿಗೊಮ್ಮೆ ಗಾಡಿಯನ್ನೂ ಕಟ್ಟೆಯನ್ನೂ ಒಣ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆಯ ಟೂತ್‌ಬ್ರಷ್ಷಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡುವುದು ನಮ್ಮಲ್ಲಿ ಎಲ್ಲದಕ್ಕೂ ಮದ್ದು. ಇಲ್ಲಿ ಅದು ನಡೆಯುವುದಿಲ್ಲ. ಎಣ್ಣೆಗೆ ಧೂಳು ಅಂಟಿ, ಒಂದು ತಿಂಗಳಲ್ಲಿ ಗಾಡಿಯೊಳಗೆ ಕಪ್ಪು ಹಿಟ್ಟು ಕಲಸಿದಂತಾಗುತ್ತದೆ. ಗ್ರೀಸೂ ಬೇಡ. ಒಣಗಿ ಉಳಿಯುವ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿ ಗಾಡಿಗೆ ಸವರಿ, ಸಾಕು.

ಕಟ್ಟೆಯ ಹೊರಮುಖದಲ್ಲಿ ಸಣ್ಣ ಸೀಳುಗಳಿರುತ್ತವೆ. ಒಳಗೆ ನುಗ್ಗಿದ ಮಳೆನೀರು ಹೊರಗೆ ಹೋಗುವ ದಾರಿ ಅದು. ಇರುವೆ ಬರುತ್ತದೆಂದು ನಮ್ಮ ಬಣ್ಣದವನು ಅದನ್ನೇ ಮುಚ್ಚಿಬಿಟ್ಟಿದ್ದ; ಸೆಪ್ಟೆಂಬರಿನ ಮೊದಲ ಜೋರು ಮಳೆಗೆ ಕಟ್ಟೆ ತುಂಬಿ ಗೋಡೆಗೆ ಇಳಿಯಿತು.

ಗ್ರಿಲ್ ಎಲ್ಲಿರಬೇಕು

ನಮ್ಮ ಹಳೆಯ ಮನೆಗಳಲ್ಲಿ ಕದ ಹೊರಕ್ಕೆ ತೆರೆಯುವುದರಿಂದ ಕಂಬಿ ಒಳಗಿರುತ್ತದೆ. ಈ ಕಿಟಕಿಗೂ ಹಾಗೇ ಮಾಡಿದರೆ ಕದ ಎತ್ತಲು ಕಂಬಿಯ ಸಂದಿಯಲ್ಲಿ ಕೈ ತೂರಿಸಬೇಕು, ಬಾಗಿಸುವುದಂತೂ ಕನಸು. ಇಲ್ಲಿ ಗ್ರಿಲ್ ಹೊರಗಿರಬೇಕು, ಕದಕ್ಕೂ ಗ್ರಿಲ್ಲಿಗೂ ನಡುವೆ ಸೊಳ್ಳೆ ಪರದೆ. ಗೋಡೆಯ ಕೆಲಸ ಶುರುವಾಗುವ ಮುಂಚೆಯೇ ಕಬ್ಬಿಣದ ಕೆಲಸದವರಿಗೂ ಕಿಟಕಿಯವರಿಗೂ ಮುಖಾಮುಖಿ ಮಾತಾಡಿಸಿ. ಮಲಗುವ ಕೋಣೆಯಾದರೆ ಗ್ರಿಲ್ಲಿನಲ್ಲಿ ತೆರೆಯುವ ಭಾಗ ಇಡಿಸಿ, ಬೀಗದ ಕೈಯನ್ನು ಅದೇ ಕೋಣೆಯಲ್ಲಿ ತೂಗುಹಾಕಿ. ಬೆಂಕಿ ಬಿದ್ದ ದಿನ ಹುಡುಕಲು ಆಗುವುದಿಲ್ಲ.

ಸೊಳ್ಳೆ ಪರದೆ ಮಗುವನ್ನು ತಡೆಯುವುದಿಲ್ಲ, ಒರಗಿದರೆ ಕಿತ್ತುಬರುತ್ತದೆ. ಅಮೆರಿಕದ ಮಾನದಂಡದಲ್ಲಿ ಮಕ್ಕಳಿಗಾಗಿ ತೆರಪನ್ನು 4 ಅಂಗುಲಕ್ಕೆ ತಡೆಯುವ ಕೊಂಡಿ ಇದೆ, ಅಂದರೆ ಸುಮಾರು 10 ಸೆಂಟಿಮೀಟರ್. ನಮ್ಮಲ್ಲಿ ಗ್ರಿಲ್ ಆ ಕೆಲಸ ಮಾಡುತ್ತದೆ, ಕಂಬಿಗಳ ಸಂದಿ ಅದಕ್ಕಿಂತ ಕಿರಿದಾಗಿದ್ದರೆ. ದೇವರಾಯನದುರ್ಗದ ಕಡೆ ಮನೆ ಇರುವವರಿಗೆ ಇನ್ನೊಂದು ಲಾಭವೂ ಇದೆ: ಚಿಲಕ ಹಾಕದ ಕದವನ್ನು ಎತ್ತಲು ಎರಡು ಬೆರಳು ಸಾಕೆಂದೆನಲ್ಲ, ಕೋತಿಗೆ ಹತ್ತು ಬೆರಳಿವೆ.

ಇನ್ನೊಂದು ಕೆಲಸ ಉಳಿದಿದೆ. ಕದ ಹೊರತೆಗೆದ ದಿನ, ಗಾಡಿಯೊಳಗಿನ ಬ್ಯಾಲೆನ್ಸಿನ ತಗಡನ್ನು ಟಾರ್ಚು ಹಿಡಿದು ನೋಡಿ. ಅದರ ಮೇಲೆ ಉದ್ದವನ್ನೂ ಬಲವನ್ನೂ ಸೂಚಿಸುವ ಅಂಕಿಗಳನ್ನು ಒತ್ತಿರುತ್ತಾರೆ. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ನಾನು ತೆಗೆದಿರಲಿಲ್ಲ. ಹೊಸ ಜೋಡಿಯನ್ನು ಬೆಂಗಳೂರಿನಿಂದ ತರಿಸಬೇಕಾಗಿತ್ತು. ಅಳತೆ ತಪ್ಪಿ ಎರಡು ಸಲ ಬದಲಾಯಿಸಿದ ಆ ಮೂರು ವಾರ ಕಿಟಕಿ ಮುಚ್ಚಿಯೇ ಇತ್ತು, ಅತ್ತೆ ಬೀಸಣಿಗೆ ಹಿಡಿದು ಕೂತಿದ್ದರು.